ನಾಲ್ಕನೆಯ ಪ್ಲೇಟು

ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಲೋಕದ ಹೆಂಗಸರು ಒಂದು ಸಲ ಮೂಸಿ ನೋಡುತ್ತಾರೆ. ಅಮೆರಿಕದ ಹ್ಯೂಸ್ಟನ್ ಪಕ್ಕದ ಕ್ಲಿಯರ್ ಲೇಕಿನ ಗೋದಾವರಿ ಅಂಗಡಿಯಲ್ಲೇ ಕ್ಯಾನಿನ ತಾರೀಖು ಓದಿ, ಮನೆಗೆ ತಂದು ಮುಚ್ಚಳ ತೆಗೆದು ಮೂಸಿ, ಒಲೆಗಿಡುವ ಮುನ್ನ ಇನ್ನೊಮ್ಮೆ ಮೂಸಿ, ಚಹಾ ಆದ ಮೇಲೆ ಮೊದಲ ಗುಟುಕು ಗಂಡನಿಗೆ ಕುಡಿಸಿ ಅವನ ಮುಖ ನೋಡುತ್ತಿದ್ದಳು.

"ಸತ್ತಿಲ್ಲ, ಕುಡಿ," ಎನ್ನುತ್ತಿದ್ದ ಗಂಡ ರಘುನಂದನ.

ಇದು ಹುಟ್ಟುಗುಣವಲ್ಲ, ಕಸುಬಿನಿಂದ ಮೈಗೆ ಹತ್ತಿದ್ದು. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು, ಹ್ಯೂಸ್ಟನ್ನಿನ ಮಾಜಿ ಸೈನಿಕರ ದೊಡ್ಡ ಆಸ್ಪತ್ರೆಯಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದವಳು ಅವಳು. ರೋಗಿಯ ಕೈಗೆ ಗುಳಿಗೆ ಇಡುವ ಮುನ್ನ ಹೆಸರು ಕೇಳಬೇಕು, ಕೈಪಟ್ಟಿ ಓದಬೇಕು, ಗುಳಿಗೆಯನ್ನು ಮತ್ತೆ ನೋಡಬೇಕು. ಮಲಗಿದವಳು ಹೆತ್ತ ತಾಯಿಯಾದರೂ ಹೆಸರು ಕೇಳಲೇಬೇಕು. ಹಾಗೆ ಕೇಳಿ ಕೇಳಿ, ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವಳು ಹಾಲಿನ ಮೇಲೂ ಹೊರಿಸಿಬಿಟ್ಟಿದ್ದಳು. ಬಾಗಿಲಿಗೆ ಬಂದ ಕೊರಿಯರಿನವನು, ಬಾಯಿ ತುಂಬ ಹೊಗಳುವ ನೆರೆಯವಳು, ಅರ್ಧ ಬೆಲೆಗೆ ಬಿಟ್ಟ ಮಾವಿನಹಣ್ಣಿನ ಪೆಟ್ಟಿಗೆ, ಯಾವುದೂ ಅವಳ ಮೂಗಿನ ಕೆಳಗೆ ಹಾಯದೆ ಮನೆ ಸೇರುತ್ತಿರಲಿಲ್ಲ.

ಒಂದೇ ಒಂದು ಮಾತನ್ನು ಮಾತ್ರ ಅವಳು ಮೂಸದೆ ನುಂಗಿದ್ದಳು.

ಎಪ್ಪತ್ತೊಂದರ ಯುದ್ಧದ ಹೊತ್ತಿಗೆ ರಘುನಂದನ ಹುಬ್ಬಳ್ಳಿಯ ಸಣ್ಣ ದಿನಪತ್ರಿಕೆಯೊಂದರ ವರದಿಗಾರ. ಪಶ್ಚಿಮದ ಮರಳುಗಾಡಿನ ಗಡಿಗೆ ಹೋಗಿ ಅಲ್ಲಿಂದ ವರದಿ ಕಳಿಸಿದ. ಅವುಗಳಲ್ಲೊಂದು ಬೂಟಿನ ದಾರದ್ದು. ಕಂದಕದಲ್ಲಿ ಒಬ್ಬ ಸಿಪಾಯಿಯ ಬೂಟಿನ ದಾರ ಹರಿದಿದೆ, ಮುನ್ನುಗ್ಗಲು ಹುಕುಂ ಬಂದಿದೆ. ಪಕ್ಕದಲ್ಲಿದ್ದ ವರದಿಗಾರ ಕುಕ್ಕರಗಾಲಲ್ಲಿ ಕೂತು ತನ್ನ ಬೂಟಿನ ದಾರ ಬಿಚ್ಚಿ ಕೊಡುತ್ತಾನೆ. ಸಿಪಾಯಿ ಕಟ್ಟಿಕೊಂಡು ಎದ್ದು ನಿಂತು ಹೇಳುತ್ತಾನೆ: "ಸಾಹೇಬ್ರ, ದಾರಾ ತಿರುಗಿ ಕೊಡ್ತೀನ್ರಿ. ನಾ ಬರೂತನಾ ಬೂಟು ಬಿಚ್ಚಿ ಒಗೀಬ್ಯಾಡ್ರಿ." ಸಿಪಾಯಿ ತಿರುಗಿ ಬಂದನೋ ಇಲ್ಲವೋ ವರದಿಯಲ್ಲಿರಲಿಲ್ಲ. ಮುಂದಿನ ಸಾಲಿನಲ್ಲಿ ವರದಿಗಾರ ದಾರವಿಲ್ಲದ ಬೂಟು ಎಳೆಯುತ್ತ ಮರಳಿನಲ್ಲಿ ಹಿಂದಕ್ಕೆ ನಡೆಯುತ್ತಿದ್ದ.

ನರ್ಸಿಂಗ್ ಹಾಸ್ಟೆಲಿನಲ್ಲಿ ಇಪ್ಪತ್ತರ ಗೋದಾವರಿ ಅದನ್ನು ಓದಿ, ಕಲಸಿದ ಅನ್ನ ಬಿಟ್ಟು ಕೈ ತೊಳೆದಳು. ಯುದ್ಧ ಮುಗಿದ ಮೇಲೆ ಪತ್ರಿಕೆಯ ಕಚೇರಿಗೆ ತಾನೇ ಹೋಗಿ, "ಬೂಟಿನ ದಾರ ಬರದವರು ಯಾರ್ರಿ?" ಎಂದು ಕೇಳಿದಳು. ಮೂಲೆಯಲ್ಲಿ ಕುಳಿತ ತೆಳ್ಳನೆಯ ಹುಡುಗ ಎದ್ದು ನಿಂತ. ಅವಳ ಕಣ್ಣು ಮೊದಲು ಹೋದದ್ದು ಅವನ ಕಾಲಿಗೆ. ಚಪ್ಪಲಿ ಇತ್ತು. ಮದುವೆ, ಸಮುದ್ರ ದಾಟಿದ್ದು, ಅವಳ ವೀಸಾದ ಸೆರಗು ಹಿಡಿದು ಅವನು ಬಂದದ್ದು, ಅವಳ ದುಡಿಮೆ, ಅವನ ಪ್ರಿಂಟಿಂಗ್ ಅಂಗಡಿ, ಎಲ್ಲವೂ ಆ ದಾರದಲ್ಲೇ ಪೋಣಿಸಿಕೊಂಡು ಬಂದದ್ದು.

ಹ್ಯೂಸ್ಟನ್ನಿನ ಕನ್ನಡ ಸಂಘದಲ್ಲಿ ಪ್ರತಿ ರಾಜ್ಯೋತ್ಸವಕ್ಕೂ ರಘುನಂದನ ಈ ಕಥೆ ಹೇಳುತ್ತಿದ್ದ. ಮಕ್ಕಳು "ಶೂಲೇಸ್ ಅಂಕಲ್" ಎನ್ನುತ್ತಿದ್ದವು. ಅವನ ಬಳಿ ಇನ್ನೊಂದು ಕಥೆಯೂ ಇತ್ತು, ಅದು ಮನೆಯ ಮಟ್ಟಿಗೆ. ಬೆಳಗಾವಿಯ ಕ್ಯಾಂಪಿನ ಬಯಲಿನಲ್ಲಿ ಅವನ ಸೋದರಮಾವ ಅಪ್ಪಾಸಾಹೇಬ ಟೆಂಟ್ ಸಿನಿಮಾ ಇಟ್ಟಿದ್ದ. ಬಿಳಿಯರು ಬಿಟ್ಟುಹೋದ ಹಳೆಯ ಇಂಗ್ಲಿಷ್ ಚಿತ್ರಗಳನ್ನು ತೂಕಕ್ಕೆ ಕೊಂಡು ತಂದಿದ್ದ. ಸಿನಿಮಾಕ್ಕೆ ಮಾತು ಬಂದ ಹೊಸದರಲ್ಲಿ ಚಿತ್ರ ಫಿಲ್ಮಿನ ಸುರುಳಿಯಲ್ಲಿ, ಮಾತು ಬೇರೆ ಗ್ರಾಮಫೋನ್ ಪ್ಲೇಟಿನಲ್ಲಿ ಇರುತ್ತಿತ್ತಂತೆ. ಎರಡನ್ನೂ ಒಟ್ಟಿಗೆ ಓಡಿಸಬೇಕು. ಮಾವನಿಗೆ ಸಿಕ್ಕಿದ್ದು ಬರೀ ಸುರುಳಿ, ಪ್ಲೇಟುಗಳು ಎಂದೋ ಒಡೆದು ಹೋಗಿದ್ದವು. ಮೂಕ ಚಿತ್ರಕ್ಕೆ ಜನ ಬರುತ್ತಾರೆಯೇ? ಅಕ್ಕನ ಮಗನಾದ ಹತ್ತು ವರ್ಷದ ರಘುನಂದನನನ್ನು ಪರದೆಯ ಪಕ್ಕ ನಿಲ್ಲಿಸಿ, "ಅವರ ಬಾಯಿ ಅಳ್ಳಾಡಿಧಂಗ ನೀ ಮಾತಾಡಲೇ," ಅಂದಿದ್ದ. ಹಾಗೆ ಕೋಟು ಟೋಪಿಯ ದೊರೆಗಳೆಲ್ಲ ಬೆಳಗಾವಿ ಸೀಮೆಯ ಕನ್ನಡ ಆಡಿದ್ದರು. ಗೋದಾವರಿ ಆ ಕಥೆ ಕೇಳಿ ನಗುತ್ತಿದ್ದಳು. ಎರಡು ಕಥೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡುವ ಕೆಲಸ ಅವಳಿಗೆ ಎಂದೂ ಬಿದ್ದಿರಲಿಲ್ಲ.

ಅದು ಬಿದ್ದದ್ದು ಆಸ್ಟಿನ್ನಿನಲ್ಲಿ.

ಅಲ್ಲಿ ವೆಂಕಟಗಿರಿ ಎಂಬ ಮೈಸೂರಿನವನಿದ್ದ. ಚಿಪ್ ಕಂಪನಿಯಲ್ಲಿ ಕೆಲಸ, ಹಳೆಯ ಸಿನಿಮಾದ ಹುಚ್ಚು. ಅವನ ಗ್ಯಾರೇಜಿನಲ್ಲಿ ಫಿಲ್ಮು ತಣ್ಣಗೆ ಏಸಿಯಲ್ಲಿರುತ್ತಿತ್ತು, ಕಾರು ಬಿಸಿಲಲ್ಲಿ ಬೇಯುತ್ತಿತ್ತು. ಜೂನ್ ತಿಂಗಳಲ್ಲಿ ಗಂಡಹೆಂಡಿರು ಯಾವುದೋ ಮದುವೆಗೆ ಆಸ್ಟಿನ್ನಿಗೆ ಹೋದವರು ಅವನ ಮನೆಯಲ್ಲಿ ಇಳಿದುಕೊಂಡರು.

"ಆಂಟಿ, ಒಂದು ನಿಧಿ ಸಿಕ್ಕಿದೆ," ಎಂದ ವೆಂಕಟಗಿರಿ. "ಡಲ್ಲಾಸ್ ಕಡೆ ಒಂದು ಹಳೇ ಥಿಯೇಟರ್ ಓನರ್ ತೀರ್ಕೊಂಡ್ರು. ಮನೆಯವರು ಸಾಮಾನೆಲ್ಲ ಮಾರಿಬಿಟ್ರು. ಈ ರೀಲುಗಳು ನನಗೆ ಬಂತು. ಇದನ್ನ ಈಗ ಯಾರೂ ನೋಡಿಲ್ಲ. ಬಂದ ಕಾಲದಲ್ಲೂ ಯಾರೂ ನೋಡ್ಲಿಲ್ಲ, ಒಂದು ವಾರ ಓಡಿ ಡಬ್ಬಿ ಸೇರ್ತು."

"ಹೆಸರೇನಪಾ?"

"ಹೆಸರಿದ್ದ ತುಂಡೇ ಹೋಗ್ಬಿಟ್ಟಿದೆ ಆಂಟಿ. ಯುದ್ಧದ್ದು. ಒಬ್ಬ ಪೇಪರಿನವನು, ಒಬ್ಬಳು ತಂತಿ ಆಫೀಸಿನ ಹುಡುಗಿ. ಟಾಕಿ ಶುರುವಾದ ಕಾಲದ್ದು, ಮಾತು ಬೇರೆ ಪ್ಲೇಟಲ್ಲಿದೆ. ಆ ಪ್ಲೇಟುಗಳು ಡಲ್ಲಾಸ್ ಪಕ್ಕ ಫ್ಲವರ್ ಮೌಂಡ್ ಅನ್ನೋ ಊರಲ್ಲಿರೋ ತಿಮ್ಮಯ್ಯ ಅನ್ನೋರ ಹತ್ರ ಹೋಗಿವೆ. ಸದ್ಯಕ್ಕೆ ಮೂಕ ಬಸವ, ನೋಡ್ತೀರಾ?"

ಮೂವರೇ ಕುಳಿತರು. ಬಿಳಿ ಗೋಡೆಯ ಮೇಲೆ ಹೊಗೆ, ಮುಳ್ಳುತಂತಿ, ಕೆಸರು. ತಂತಿ ಕಚೇರಿಯ ಹುಡುಗಿ ವರದಿಗಾರನ ಸುದ್ದಿಯನ್ನು ಕಟಕಟನೆ ಒತ್ತಿ ಕಳಿಸುತ್ತ, ಕಳಿಸುತ್ತ, ಅವನಿಗೇ ಮನಸ್ಸು ಕೊಟ್ಟಳು. ಗೋದಾವರಿಗೆ ಹಿಡಿಸಿತು. ವೆಂಕಟಗಿರಿ ನಾಲ್ಕನೆಯ ಸುರುಳಿ ಹಾಕುತ್ತಿದ್ದಂತೆ ರಘುನಂದನ ಎದ್ದ.

"ಎಲ್ಲಿಗೆ?"

"ಚಹಾ ಅದ ಏನು ನೋಡ್ತೀನಿ."

ಅವನು ಬಾಗಿಲು ಮುಚ್ಚಿದ. ಗೋಡೆಯ ಮೇಲೆ ಒಂದು ಕಂದಕ ಬಂತು. ಕಂದಕದಲ್ಲಿ ಸಿಪಾಯಿಯೊಬ್ಬ ಹರಿದ ಬೂಟಿನ ದಾರ ಹಿಡಿದು ನಿಂತಿದ್ದ. ವರದಿಗಾರ ಕುಕ್ಕರಗಾಲಲ್ಲಿ ಕೂತು ತನ್ನ ದಾರ ಬಿಚ್ಚಿ ಕೊಟ್ಟ. ಸಿಪಾಯಿ ಕಟ್ಟಿಕೊಂಡ. ಎದ್ದು ನಿಂತ. ಬಾಯಿ ಅಲ್ಲಾಡಿಸಿ ಏನೋ ಹೇಳಿದ. ಹೋದ.

ಗೋದಾವರಿ ಗಂಡ ಮುಚ್ಚಿ ಹೋದ ಬಾಗಿಲಿನ ಕಡೆ ತಿರುಗಿ ನೋಡಿದಳು.

ಊರಿಗೆ ಮರಳುವಾಗ ಕಾರು ಓಡಿಸುತ್ತ ಮೆಲ್ಲನೆ ಕೇಳಿದಳು. "ಚಹಾ ಸಿಕ್ತೇನ್ರಿ?"

"ಇಲ್ಲ."

"ಮತ್ತ ಅಷ್ಟೊತ್ತು ಎಲ್ಲಿದ್ರಿ?"

"ಬಾತ್‌ರೂಮಿನಾಗ."

"ಚಹಾ ಹುಡುಕ್ಲಿಕ್ಕೆ ಬಾತ್‌ರೂಮಿಗೆ ಹೋಗ್ತಾರೇನು?"

"ವಯಸ್ಸಾತು ಗೋದಾ, ಹೊರಟದ್ದು ಒಂದು ಕಡೆ, ಮುಟ್ಟೂದು ಒಂದು ಕಡೆ," ಎಂದು ನಕ್ಕು ಕಿಟಕಿಯ ಕಡೆ ತಿರುಗಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನೇ ಲೇಸು. ಅವನ ಹೆಗಲಾದರೂ ಮಾತಾಡುತ್ತದೆ. ಈತ ನಗುತ್ತಿದ್ದ. ಅಂದಿನಿಂದ ಗೋದಾವರಿಗೆ ಮನೆಯ ಪ್ರತಿ ಸದ್ದೂ ಸಾಕ್ಷಿಯಾಯಿತು. ಅವನು ಟೀವಿಯಲ್ಲಿ ಯುದ್ಧದ ಸುದ್ದಿ ಬಂದರೆ ಚಾನೆಲ್ ಬದಲಿಸುತ್ತಾನೆ, ಯಾಕೆ? ಗಡಿಗೆ ಹೋದವನ ಬಳಿ ಅಲ್ಲಿಯ ಒಂದು ಫೋಟೋ ಇಲ್ಲ, ಯಾಕೆ? ಮೊದಲ ದಿನ ಕಾಲಲ್ಲಿ ಚಪ್ಪಲಿ ಇತ್ತು. ಬೂಟು ಎಲ್ಲಿ ಹೋಯಿತು? ಐವತ್ತು ವರ್ಷ ಕೇಳದೆ ಬಿಟ್ಟ ಪ್ರಶ್ನೆಗಳು ಹೊಲದ ಇಲಿಗಳಂತೆ ಬಿಲ ಬಿಟ್ಟು ಹೊರಗೆ ಬಂದವು. ಬೆಳಗಾವಿಯ ಟೆಂಟು, ತೂಕಕ್ಕೆ ತಂದ ಇಂಗ್ಲಿಷ್ ಚಿತ್ರ, ಪರದೆಯ ಪಕ್ಕದ ಹುಡುಗ. ಈಗ ಎರಡೂ ಕಥೆಗಳು ಪಕ್ಕ ಪಕ್ಕ ಬಂದು ಕುಳಿತಿದ್ದವು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಕಣ್ಣಿಗೆ ಕಂಡಾಗಿತ್ತು, ಕಿವಿಗೆ ಬೀಳಬೇಕಿತ್ತು. ಆ ಸಿಪಾಯಿ ಬಾಯಿ ಅಲ್ಲಾಡಿಸಿ ಏನು ಹೇಳಿದ? 'ದಾರಾ ತಿರುಗಿ ಕೊಡ್ತೀನಿ, ಬೂಟು ಬಿಚ್ಚಿ ಒಗೀಬ್ಯಾಡ್ರಿ' ಎಂದೇ ಹೇಳಿದ್ದರೆ, ಅವಳು ಅನ್ನ ಬಿಟ್ಟು ಕೈ ತೊಳೆದದ್ದು ಯಾರದೋ ಕದ್ದ ಮಾತಿಗೆ. ಒಂದು ಹೆಣ್ಣಿನ ಇಡೀ ಬಾಳು ಕಳ್ಳಮಾಲಿನ ಮೇಲೆ ಕಟ್ಟಿದಂತೆ.

ಆಗಸ್ಟಿನಲ್ಲಿ ವೆಂಕಟಗಿರಿಯ ಫೋನು ಬಂತು. ತಿಮ್ಮಯ್ಯನವರು ಪ್ಲೇಟು ಕೊಡಲು ಒಪ್ಪಿದ್ದಾರೆ. ಆದರೆ ಅಂಚೆಗೆ ಹಾಕುವುದಿಲ್ಲ, ನಕಲು ಮಾಡಬಾರದು, ಯಾರಾದರೂ ಬಂದು ಕೈಯಾರೆ ಒಯ್ದು ಕೈಯಾರೆ ತಿರುಗಿಸಬೇಕು. ಬರುವ ಶನಿವಾರ ಮಧ್ಯಾಹ್ನ ಮಾತಿನ ಜೊತೆ ಪ್ರದರ್ಶನ, ಹ್ಯೂಸ್ಟನ್ನಿನ ಸಂಘದವರನ್ನೂ ಕರೆದಿದ್ದಾನೆ.

"ಪ್ಲೇಟು ನಾ ತರ್ತೀನಿ," ಎಂದಳು ಗೋದಾವರಿ.

ರಘುನಂದನ ಕನ್ನಡಕದ ಮೇಲಿಂದ ನೋಡಿದ. "ಫ್ಲವರ್ ಮೌಂಡ್ ತನಕ ಒಬ್ಬಾಕಿ ಡ್ರೈವ್ ಮಾಡ್ತೀಯೇನು? ಈ ಬಿಸಲಾಗ?"

"ಯಾಕ, ಬ್ಯಾಡೇನು?"

"ಬ್ಯಾಡ ಅಂತ ಯಾರಂದ್ರು?"

"ನೀವಽ ಅಂದ್ರಿ, ಬಾಯಿ ಬಿಡದಽ."

ಅವನು ನಾಗಮಣಿಯ ಕಾರಿನಲ್ಲಿ ನೇರ ಆಸ್ಟಿನ್ನಿಗೆ ಬರುವುದೆಂದಾಯಿತು. ನಾಗಮಣಿ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಬಡಾವಣೆಯ ಎಣ್ಣೆ ಕಂಪನಿಯಲ್ಲಿ ದೊಡ್ಡ ಹುದ್ದೆಯವಳು, ಸಂಘದ ಕಾರ್ಯದರ್ಶಿ. ಅವಳ ನಾಲಿಗೆ ಸೀಗೆಮುಳ್ಳು, ಹಿಡಿದರೆ ಬಟ್ಟೆ ಹರಿಯದೆ ಬಿಡದು.

ಶುಕ್ರವಾರ ಫ್ಲವರ್ ಮೌಂಡಿನಲ್ಲಿ ಬಾಗಿಲು ತೆರೆದವರು ಮಡಿಕೇರಿ ಕಡೆಯ ತಿಮ್ಮಯ್ಯ. ತೋಪಿನ ದಳದಲ್ಲಿದ್ದು ನಿವೃತ್ತರಾಗಿ ಮಗಳ ಮನೆಯಲ್ಲಿದ್ದವರು. ಮನೆಯೊಳಗೂ ತಲೆಯ ಮೇಲೆ ಹ್ಯಾಟು, ಎರಡೂ ಕಿವಿಯಲ್ಲಿ ಯಂತ್ರ. "ಜೋರಾಗಿ ಮಾತಾಡಿಯಮ್ಮ. ತೋಪು ನನ್ನ ಕಿವಿ ತಿಂದಿದೆ. ಸದ್ದು ಕೇಳ್ತದೆ, ಮಾತು ಬಿಡಿಸ್ಲಿಕ್ಕೆ ಆಗೋದಿಲ್ಲ," ಎಂದರು.

ಗೋದಾವರಿ ಕೂಗಿ ಕೇಳಿದಳು. "ಎಪ್ಪತ್ತೊಂದರಾಗ ಎಲ್ಲಿದ್ರಿ?"

ಅವರು ಹೇಳಿದ ಮರಳುಗಾಡಿನ ಊರು ರಘುನಂದನನ ವರದಿಯ ತಲೆಯಲ್ಲಿದ್ದ ಊರೇ.

"ಅಲ್ಲಿ ಪೇಪರಿನವರು ಬರ್ತಿದ್ರೇನು, ಕಂದಕದ ತನಕ?"

ತಿಮ್ಮಯ್ಯ ಹೊಟ್ಟೆ ಕುಣಿಸಿ ನಕ್ಕರು. "ಕಂದಕಕ್ಕಾ? ಅವರನ್ನ ಊರು ದಾಟ್ಲಿಕ್ಕೇ ಬಿಡ್ತಾ ಇರ್ಲಿಲ್ಲ. ಲಾಡ್ಜಲ್ಲಿ ಕೂತು ಮೊಟ್ಟೆ ತಿಂದು, ಸಂಜೆ ನಮ್ಮ ಆಫೀಸರ್ ಹೇಳಿದ್ದನ್ನ ಬರ್ಕೊಂಡು ಹೋಗ್ತಾ ಇದ್ರು. ಯಾಕಮ್ಮ, ಗುರುತಿನವರು ಉಂಟಾ?"

"ಇದ್ದರು," ಎಂದಳು ಗೋದಾವರಿ. ಗಡಿಯ ಮಾತು ಅಲ್ಲಿಗೆ ಮುಗಿಯಿತು. ಉಳಿದದ್ದು ಸಿಪಾಯಿಯ ಮಾತು.

"ನಾಲ್ಕನೇ ಪ್ಲೇಟು ಒಮ್ಮೆ ಹಚ್ಚಿ ತೋರಸ್ರಿ. ಸರಿ ಅದ ಏನಂತ ನೋಡಿ ಒಯ್ತೀನಿ."

ಪ್ಲೇಟು ಹೋಳಿಗೆ ಬೇಯಿಸುವ ಹಂಚಿನಷ್ಟು ಅಗಲವಿತ್ತು. ಅದಕ್ಕೆ ತಕ್ಕ ಯಂತ್ರವನ್ನು ತಿಮ್ಮಯ್ಯ ಎಲ್ಲಿಂದಲೋ ಹೊಂದಿಸಿದ್ದರು. ಅವರು ಮುಳ್ಳನ್ನು ಎತ್ತಿ ಪ್ಲೇಟಿನ ಹೊರ ಅಂಚಿಗೆ ಇಡದೆ, ನಡುವಿನ ಚೀಟಿಯ ಪಕ್ಕ ಇಡಹೊರಟರು.

ಗೋದಾವರಿ ಅವರ ಮಣಿಕಟ್ಟು ಹಿಡಿದಳು. "ನಿಲ್ರಿ! ಪ್ಲೇಟು ಹೊರಗಿಂದ ಒಳಗ ಓಡ್ತದ. ನೀವು ಮುಗಿಯೋ ತುದಿಗೆ ಇಡ್ತೀರಲ್ಲ? ನಡುವಿನ ಮಾತು ಹಾರಿಸ್ಬೇಕಂತೇನು? ನಮ್ಮ ಯಜಮಾನ್ರು ಫೋನ್ ಮಾಡಿದ್ರೇನು ನಿಮಗ?"

ತಿಮ್ಮಯ್ಯ ಕಣ್ಣು ಪಿಳುಕಿಸಿದರು. "ಯಾವ ಯಜಮಾನ್ರಮ್ಮ? ಈ ಸಿನಿಮಾ ಪ್ಲೇಟು ಒಳಗಿಂದ ಹೊರಗೇ ಓಡೋದು. ಇಕೊಳ್ಳಿ, ಬಾಣದ ಗುರುತು ಉಂಟು ನೋಡಿ, ಇಲ್ಲಿಂದ ಶುರು."

ಬಾಣದ ಗುರುತು ಇತ್ತು. ಗೋದಾವರಿ ಕೈ ಬಿಟ್ಟಳು. ಜೀವಮಾನದಲ್ಲಿ ಅಪರೂಪಕ್ಕೊಮ್ಮೆ ಅವಳಿಗೆ ನಾಚಿಕೆಯಾಯಿತು.

ಪ್ಲೇಟು ತಿರುಗಿತು. ತೋಪಿನ ಸದ್ದು, ಒಲೆಯಲ್ಲಿ ಹಸಿ ಸೌದೆ ಸಿಡಿದಂಥ ಗೊರಗೊರ. ಆಮೇಲೆ ಮಾತು. ಗೋದಾವರಿ ಚಿತ್ರವನ್ನು ಕಣ್ಣೊಳಗೆ ಓಡಿಸುತ್ತ ಕಿವಿಗೊಟ್ಟಳು. ಇಂಗ್ಲಿಷಿನಲ್ಲಿ ಸಿಪಾಯಿ, ನನ್ನ ದಾರ ಹರಿಯಿತು ಎಂದ. ವರದಿಗಾರ, ನನ್ನದು ತಗೋ ಎಂದ. ಸಿಪಾಯಿ, ಒಂದು ಸಿಗರೇಟು ಇದ್ದರೆ ಅದನ್ನೂ ಕೊಡು ಎಂದ. ಎದ್ದು ನಿಂತು ಅವನು ಬಾಯಿ ಅಲ್ಲಾಡಿಸಿದ್ದು ಅದಕ್ಕೆ, ಸಿಗರೇಟಿಗೆ. ಬಳಿಕ ವರದಿಗಾರನ ದನಿ ನುಣ್ಣಗೆ ಹೇಳಿತು: ಇನ್ನು ನನ್ನ ಬೂಟು ಕಾಲಲ್ಲಿ ನಿಲ್ಲುವುದಿಲ್ಲ ಗೆಳೆಯ, ನೀನು ಮುಂದೆ ನಡೆ, ನಾನು ಹಿಂದಿರುತ್ತೇನೆ. ಸಿಪಾಯಿ ಹೋದ ಮೇಲೆ, ಚಿತ್ರದಲ್ಲಿ ಅವನ ಬೆನ್ನು ಮಾತ್ರ ಕಾಣುವಾಗ, ಒಬ್ಬನೇ ಕಿಸಕ್ಕನೆ ನಕ್ಕು ತನಗೆ ತಾನೇ ಅಂದುಕೊಂಡ: ಒಂದು ದಾರಕ್ಕೆ ಜೀವವೂ ಉಳಿಯಿತು, ನಾಳೆಯ ಸುದ್ದಿಯೂ ಸಿಕ್ಕಿತು.

ಮುಳ್ಳು ಹೊರ ಅಂಚು ಮುಟ್ಟಿ ಕರಕರ ಎಂದಿತು.

"ಏನಂದರಮ್ಮ ಅವರು?" ತಿಮ್ಮಯ್ಯ ಕೇಳಿದರು.

"ಗದ್ದಲ. ಬರೀ ತೋಪಿನ ಗದ್ದಲ," ಎಂದಳು ಗೋದಾವರಿ.

ಆಮೇಲೆ ಕೊನೆಯ ಪ್ಲೇಟನ್ನೂ ಹಾಕಿಸಿ ಕೇಳಿದಳು. ಅದರಲ್ಲಿ ಮಾತೇ ಇರಲಿಲ್ಲ. ತಂತಿಯ ಕಟಕಟ ಸದ್ದು ಸ್ವಲ್ಪ ಹೊತ್ತು ಓಡಿ, ನಡುವೆಯೇ ನಿಂತು, ಹೆಜ್ಜೆಯ ಸಪ್ಪಳ ದೂರವಾಯಿತು. ಅವಳು ಆಸ್ಟಿನ್ನಿನಲ್ಲಿ ಕಂಡಿದ್ದಳು. ಹುಡುಗಿ ಎದ್ದು ಹೋಗುತ್ತಾಳೆ. ಅಂದು ಅವಳಿಗೆ ಯಾಕೆಂದು ತಿಳಿದಿರಲಿಲ್ಲ. ಈಗ ತಿಳಿಯಿತು, ಹೇಡಿಯ ಸುದ್ದಿಯನ್ನು ಒತ್ತಿ ಕಳಿಸಲು ಆ ಹುಡುಗಿಗೆ ಮನಸ್ಸಾಗಲಿಲ್ಲ.

ರಾತ್ರಿ ಅಲ್ಲೇ ತಂಗಿ, ಶನಿವಾರ ಬೆಳಿಗ್ಗೆ ಪ್ಲೇಟುಗಳನ್ನು ಹಿಂದಿನ ಸೀಟಿನಲ್ಲಿ ದುಪ್ಪಟಿ ಸುತ್ತಿ ಮಲಗಿಸಿ, ಏಸಿ ಹಚ್ಚಿ ಹೊರಟಳು. ಸಿಟ್ಟು ಬರಬೇಕಿತ್ತು. ಬಂತು. ದಾರಿಯ ವೇಕೋ ಊರು ದಾಟುವ ತನಕ ಸ್ಟೇರಿಂಗನ್ನು ಹಿಂಡುತ್ತಲೇ ಹೋದಳು. ಗಡಿ ಸುಳ್ಳು, ಕಂದಕ ಸುಳ್ಳು, ದಾರ ಕದ್ದದ್ದು. ಲಾಡ್ಜಿನಲ್ಲಿ ಕೂತು ಮೊಟ್ಟೆ ತಿಂದವನಿಗೆ ತಾನು ಹಾಸ್ಟೆಲಿನಲ್ಲಿ ಅನ್ನ ಬಿಟ್ಟಿದ್ದೆ! ಆ ತಂತಿ ಹುಡುಗಿ ಬುದ್ಧಿವಂತೆ, ಎದ್ದು ಹೋದಳು.

ವೇಕೋ ದಾಟಿತು. ಸಿಟ್ಟಿನ ತಳದಲ್ಲಿ ಏನೋ ಕಲ್ಲಿನಂತೆ ಕುಳಿತಿದೆ ಅನ್ನಿಸಿತು. ಎತ್ತಿ ನೋಡಿದಳು. ಸಿಪಾಯಿ ಕೇಳಿದ್ದು ಸಿಗರೇಟು. 'ದಾರಾ ತಿರುಗಿ ಕೊಡ್ತೀನ್ರಿ' ಎಂಬ ಮಾತು ಆ ಪ್ಲೇಟಿನಲ್ಲಿ ಇರಲೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು? ಮಾವನ ಟೆಂಟಿನಲ್ಲಿ ಪ್ಲೇಟೇ ಇರಲಿಲ್ಲ. ಪರದೆಯ ಪಕ್ಕ ನಿಂತ ಹುಡುಗ ಆ ಹೇಡಿಯ ನಗೆಯನ್ನು ಕೇಳಿರಲಿಲ್ಲ. ಅವನು ಕಂಡದ್ದು ಒಬ್ಬ ಮನುಷ್ಯ ಕೂತು ಇನ್ನೊಬ್ಬನಿಗೆ ದಾರ ಬಿಚ್ಚಿ ಕೊಟ್ಟದ್ದನ್ನು ಮಾತ್ರ. ಅಂಥವನಿಗೆ ಸಿಪಾಯಿ ಏನು ಹೇಳಿಯಾನು ಎಂದು ಯೋಚಿಸಿ, ತನ್ನ ಬಾಯಿಂದ ಒಂದು ಮಾತು ಕೊಟ್ಟಿದ್ದ. ದಾರ ಕಳ್ಳಮಾಲು. ಮಾತು ಮನೆಯದು.

ತಾನು ಅನ್ನ ಬಿಟ್ಟದ್ದು ದಾರಕ್ಕಲ್ಲ, ಆ ಮಾತಿಗೆ.

ಇವತ್ತು ಮಧ್ಯಾಹ್ನ ಹ್ಯೂಸ್ಟನ್ನಿನ ಸಂಘವೆಲ್ಲ ಆ ಗ್ಯಾರೇಜಿನಲ್ಲಿ ಕುಳಿತು ಹೇಡಿಯ ನಗೆ ಕೇಳುತ್ತದೆ. ನಾಗಮಣಿ ಕೇಳುತ್ತಾಳೆ. ಶೂಲೇಸ್ ಅಂಕಲ್ ಎಂದ ಮಕ್ಕಳು ಕೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅವನು ಕೇಳುತ್ತಾನೆ, ತಾನು ಜೀವಮಾನವಿಡೀ ಹೊತ್ತು ತಿರುಗಿದ ಒಳ್ಳೆಯ ಮನುಷ್ಯ ಎಂಥವನಾಗಿದ್ದ ಎಂದು.

ಟೆಂಪಲ್ ಊರಿನ ಹತ್ತಿರ ತಿಂಡಿಯೂ ಸಿಗುವ ದೊಡ್ಡ ಪೆಟ್ರೋಲ್ ಬಂಕಿಗೆ ಗೋದಾವರಿ ಕಾರು ತಿರುಗಿಸಿದಳು. ಮರದ ನೆರಳಿನ ಜಾಗ ಖಾಲಿಯಿತ್ತು. ಅಲ್ಲಿ ನಿಲ್ಲಿಸಲಿಲ್ಲ. ನಡುಬಿಸಿಲಲ್ಲಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ನಾಲ್ಕನೆಯ ಪ್ಲೇಟನ್ನು ಹುಡುಕಿ ತೆಗೆದು ಡಿಕ್ಕಿಯಲ್ಲಿಟ್ಟಳು. ಬರೀ ಇಡಲಿಲ್ಲ, ಒಂದು ಅಂಚನ್ನು ಸ್ಪೇರ್ ಟೈರಿನ ಮೇಲೆ ಏರಿಸಿ ಇಟ್ಟಳು. ಉಳಿದವನ್ನು ತೋಳ ತುಂಬ ಅವುಚಿಕೊಂಡು ಒಳಗೆ ಹೋಗಿ ಪಕ್ಕದ ಕುರ್ಚಿಯ ಮೇಲೆ ಕೂರಿಸಿಕೊಂಡಳು. ಆಗಸ್ಟಿನ ಟೆಕ್ಸಸ್‌ನಲ್ಲಿ ಡಿಕ್ಕಿ ಎಂದರೆ ಕುಂಬಾರನ ಆವಿಗೆ. ಅರಗಿನಿಂದ ಮಾಡಿದ ಪ್ಲೇಟು ಅದರಲ್ಲಿ ಏನಾಗುತ್ತದೆಂದು ಅಲ್ಲಿ ನಲವತ್ತು ಬೇಸಿಗೆ ಕಂಡವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಜೋಳದ ರೊಟ್ಟಿಯಂಥದೇನನ್ನೋ ತರಿಸಿ, ಒಂದೊಂದು ತುಣುಕನ್ನೂ ಮೂಸಿ ಮೂಸಿ, ಎಂದೂ ಇಲ್ಲದಷ್ಟು ನಿಧಾನವಾಗಿ ತಿಂದಳು.

ಆಸ್ಟಿನ್ನಿನಲ್ಲಿ ವೆಂಕಟಗಿರಿ ನಾಲ್ಕನೆಯ ಪ್ಲೇಟನ್ನು ಕೈಯಲ್ಲಿ ಹಿಡಿದು ಬಾಯಿ ತೆರೆದು ನಿಂತ. ಅದು ಎಣ್ಣೆಯಿಂದ ಎತ್ತಿದ ಹಪ್ಪಳದಂತೆ ಮುರುಟಿತ್ತು.

"ಅಯ್ಯೋ ಆಂಟಿ! ಇದೊಂದೇ ಹೇಗೆ ಹೀಗಾಯ್ತು?"

"ಡಿಕ್ಕಿಯೊಳಗ ಇಟ್ಟಿದ್ನೆಪಾ. ತಪ್ಪಾತು."

ಗ್ಯಾರೇಜು ತುಂಬಿ ಕೂತಿದ್ದ ಜನ ಗುಜುಗುಜು ಎಂದರು. ನಾಗಮಣಿ ಕೈಯ ಬೀಸಣಿಗೆ ನಿಲ್ಲಿಸಿ, "ಹಾಲು ಎರಡೆರಡು ಸಲ ಮೂಸೋರು ಪ್ಲೇಟನ್ನ ಡಿಕ್ಕೀಲಿ ಇಟ್ರಾ?" ಎಂದಳು. ಗೋದಾವರಿ ಕೇಳದವಳಂತೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. ಗೋಡೆಗೆ ಒರಗಿ ನಿಂತಿದ್ದ ರಘುನಂದನ ಹೆಂಡತಿಯನ್ನೇ ನೋಡುತ್ತಿದ್ದ. ಬೆಳಗಿನಿಂದ ಬಾಡಿದ್ದ ಅವನ ಮುಖಕ್ಕೆ ಅದೇ ತಾನೇ ರಕ್ತ ಬಂದಿತ್ತು.

ಮೂರು ಸುರುಳಿ ಮಾತಾಡುತ್ತ ಓಡಿದವು. ನಾಲ್ಕನೆಯದು ಬಂದಾಗ ವೆಂಕಟಗಿರಿ, "ಇದು ಮೂಕ, ದಯವಿಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ," ಎಂದ. ಹಿಂದಿನಿಂದ ಯಾರೋ ಹುಡುಗರು "ಬೋರಿಂಗ್!" ಎಂದರು.

ರಘುನಂದನ ಮುಂದೆ ನಡೆದು ಗೋಡೆಯ ಪಕ್ಕ ನಿಂತ. "ನಡೀಲಿ ವೆಂಕಟಗಿರಿ. ಇವರ ಬಾಯಿ ಅಳ್ಳಾಡಿಧಂಗ ನಾ ಮಾತಾಡ್ತೀನಿ."

ಎಪ್ಪತ್ತೇಳರ ಮುದುಕ ಹತ್ತು ವರ್ಷದವನಾದ. ದಪ್ಪ ಮೀಸೆಯ ಕರ್ನಲ್ಲನ ಬಾಯಿಗೆ ಗೋಕಾಕದ ಗೌಡನ ಬೈಗುಳ ಕೊಟ್ಟ. ಸಿಪಾಯಿಗಳು ಕೆಸರಿನಲ್ಲಿ ಬಿದ್ದು, "ನಮ್ಮವ್ವ ಹೇಳಿದ್ಳು, ಪೊಲೀಸ್ ಸೇರಲೇ ಅಂತ," ಎಂದು ಅತ್ತರು. ಜನ ಹೊಟ್ಟೆ ಹಿಡಿದು ನಕ್ಕರು. ಬೋರಿಂಗ್ ಎಂದ ಹುಡುಗರು ಮುಂದೆ ಬಂದು ನೆಲದ ಮೇಲೆ ಕುಳಿತರು.

ಕಂದಕ ಬಂತು. ಸಿಪಾಯಿ ಹರಿದ ದಾರ ಹಿಡಿದು ನಿಂತ. ರಘುನಂದನನ ದನಿ ನಿಂತಿತು. ಗೋಡೆಯ ಮೇಲೆ ಬಾಯಿಗಳು ಅಲ್ಲಾಡಿದವು, ಮಾತಿಲ್ಲ. ನಗು ತಗ್ಗಿತು. ಗೋದಾವರಿ ಕುರ್ಚಿಯ ತೋಳು ಹಿಡಿದಳು. ಬೇರೆ ಏನಾದರೂ ಜಾಣತನದ ಮಾತು ಹಾಕಿ ಜಾರಿಕೊಳ್ಳುತ್ತಾನೆ ಎಂದುಕೊಂಡಳು. ಸಿಪಾಯಿ ಎದ್ದು ನಿಂತು ಬಾಯಿ ತೆರೆದಾಗ ರಘುನಂದನ ಮೆಲ್ಲಗೆ, ನಾಟಕವಿಲ್ಲದೆ ಹೇಳಿದ:

"ಸಾಹೇಬ್ರ, ದಾರಾ ತಿರುಗಿ ಕೊಡ್ತೀನ್ರಿ. ನಾ ಬರೂತನಾ ಬೂಟು ಬಿಚ್ಚಿ ಒಗೀಬ್ಯಾಡ್ರಿ."

ಮಾತು ಬಾಯಿಗೆ ಸರಿಯಾಗಿ ಕೂತಿತು. ಸಿಪಾಯಿ ತುಟಿ ಮುಚ್ಚಿದ್ದೂ, ಇವನು ನಿಲ್ಲಿಸಿದ್ದೂ ಒಟ್ಟಿಗೇ ಆಯಿತು. ಹೊಸದಾಗಿ ಹೊಂದಿಸಿದ ಮಾತು ಹಾಗೆ ಕೂರುವುದಿಲ್ಲ. ಗೋದಾವರಿಗೆ ಇನ್ನು ಯಾವ ಸಾಕ್ಷಿಯೂ ಬೇಕಾಗಲಿಲ್ಲ.

ದೀಪ ಹತ್ತಿತು. ನಾಗಮಣಿಯ ಕಣ್ಣು ಸಣ್ಣಗಾಗಿತ್ತು. "ರಘು ಅಂಕಲ್, ಮಾತು ನೀವು ಸೇರ್ಸಿದ್ದು, ಸರಿ. ಆದರೆ ಚಿತ್ರದಲ್ಲೂ ಅವನು ದಾರಾನೇ ಬಿಚ್ಚಿದನಲ್ಲ? ನಿಮ್ಮ ಯುದ್ಧದ ಕಥೆ ಈ ಸಿನಿಮಾದಲ್ಲಿ ಹೇಗೆ ಬಂತು?"

ರಘುನಂದನ ಬಾಯಿ ತೆರೆದ. ಆ ಬಾಯಿಗೆ ಮಾತು ಕೊಡುವವರು ಯಾರೂ ಇರಲಿಲ್ಲ.

"ಯಾಕ ನಾಗಮಣಿ," ಗೋದಾವರಿಯ ದನಿ ಆಸ್ಪತ್ರೆಯ ವಾರ್ಡಿನಲ್ಲಿ ಹೇಗಿರುತ್ತಿತ್ತೋ ಹಾಗಿತ್ತು, "ಯುದ್ಧಕ್ಕ ಹೋದವರ ಬೂಟಿನ ದಾರ ಒಬ್ಬನದಽ ಹರೀಬೇಕಂತ ಕಾಯ್ದೆ ಅದ ಏನು? ನಾ ಕಾಲು ಕಟ್ಟಿದ ಸಿಪಾಯಿಗಳನ್ನ ಕೇಳು. ನೂರು ಮಂದೀದು ಹರದಿರ್ತದ. ಕೊಟ್ಟವರು ಇಬ್ಬರು ಇದ್ದಾರ, ಅದಕ್ಕ ಖುಷಿ ಪಡು. ಮುಂದಿನ ರೀಲ್ ಹಚ್ಚಪಾ ವೆಂಕಟಗಿರಿ."

ಗೋದಾವರಿ ಒಬ್ಬರ ಪರ ವಕಾಲತ್ತು ವಹಿಸಿದ್ದನ್ನು ಆ ಜನ ಮೊದಲ ಸಲ ಕಂಡದ್ದು. ನಾಗಮಣಿ ಬೀಸಣಿಗೆ ಎತ್ತಿಕೊಂಡಳು. ಕೊನೆಯ ಸುರುಳಿಯಲ್ಲಿ ತಂತಿ ಹುಡುಗಿ ಎದ್ದು ಹೋದಾಗ, "ಅರೆ, ಯಾಕೆ ಹೋದ್ಲು?" ಎಂದು ಹಲವರು ಕೇಳಿದರು. ನಾಲ್ಕನೆಯ ಪ್ಲೇಟು ಕೇಳದವರಿಗೆ ಅದು ತಿಳಿಯುವಂತಿರಲಿಲ್ಲ. ತಿಳಿದವಳು ತನ್ನ ಚೀಲ ಹುಡುಕುತ್ತಿದ್ದಳು.

ಮರುದಿನ ಬೆಳಿಗ್ಗೆ ಹೊರಡುವ ಮುನ್ನ ಅವಳು ತಿಮ್ಮಯ್ಯನವರಿಗೆ ಫೋನು ಮಾಡಿ, ಕೂಗಿ ಕೂಗಿ ಹೇಳಿದಳು: ನಾಲ್ಕನೆಯದು ಬಿಸಿಲಿಗೆ ಹಾಳಾಯಿತು, ಇಟ್ಟವಳು ನಾನೇ, ಉಳಿದವನ್ನು ವೆಂಕಟಗಿರಿ ಕೈಯಾರೆ ತಂದು ಮುಟ್ಟಿಸುತ್ತಾನೆ. "ಸಿಪಾಯಿಯ ಸಾಮಾನಮ್ಮ ಅದು, ನಂಬಿ ಕೊಟ್ಟಿದ್ದೆ," ಎಂದಷ್ಟೇ ಹೇಳಿ ಅವರು ಫೋನು ಇಟ್ಟುಬಿಟ್ಟರು. ಆ ವರ್ಷ ದೀಪಾವಳಿಗೆ ಅವಳು ಕಳಿಸಿದ ಕರದಂಟು ಪೆಟ್ಟಿಗೆ ಬಿಚ್ಚದೆಯೇ ತಿರುಗಿ ಬಂತು. ಮಾಡಿದ್ದುಣ್ಣೋ ಮಾರಾಯ ಎಂದು ಗೋದಾವರಿ ಅದನ್ನು ಒಬ್ಬಳೇ ತಿಂದಳು.

ದಾರಿಯಲ್ಲಿ ಹುಲ್ಲುಗಾವಲು, ಬಿಲ್ಬೋರ್ಡು, ಮತ್ತೆ ಹುಲ್ಲುಗಾವಲು.

"ಗೋದಾ, ಉಳದ ಪ್ಲೇಟು ಹಿಂದಿನ ಸೀಟಿನಾಗ ಇದ್ವು. ಅದೊಂದಽ ಡಿಕ್ಕಿಗೆ ಯಾಕ ಹೋತು?"

"ಜಾಗ ಸಾಲಲಿಲ್ಲ."

ಅವನು ಹಿಂದೆ ತಿರುಗಿ ನೋಡಿದ. ಸೀಟು ಎತ್ತಿನಗಾಡಿಯಷ್ಟು ಅಗಲವಿತ್ತು.

"ನಲವತ್ತು ವರ್ಷ ಹ್ಯೂಸ್ಟನ್ನಿನಾಗ ಇದ್ದು, ಬಿಸಲು ಗೊತ್ತಾಗಲಿಲ್ಲೇನು?"

"ಐವತ್ತು ವರ್ಷ ನಿಮ್ಮ ಜೋಡಿ ಇದ್ದು ಎಷ್ಟು ಗೊತ್ತಾತು, ಅಷ್ಟಽ."

ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. "ಹಾಳಾಗೂಕಿಂತ ಮೊದಲ ನೀ ಕೇಳಿದ್ದೀ. ಹೌದಲ್ಲೋ? ಆ ಸಿಪಾಯಿ ಖರೇ ಏನಂದಿದ್ದ?"

"ನಿಮಗ ಗೊತ್ತಿಲ್ಲೇನು?"

"ನನಗ ಹೆಂಗ ಗೊತ್ತಿರ್ಬೇಕು? ಮಾವನ ಟೆಂಟಿನಾಗ ಪ್ಲೇಟು ಎಲ್ಲಿ..."

ಮಾತು ಅಲ್ಲೇ ಮುರಿಯಿತು. ಗೋದಾವರಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಮಾವನ ಟೆಂಟಿನಾಗ ಏನು?"

"ಏನಿಲ್ಲ."

"ಗದ್ದಲ ಇತ್ತು ಅದರಾಗ. ತೋಪಿನ ಗದ್ದಲ. ಸಿಪಾಯಿ ಏನಂದ್ನೋ ತಿಳೀಲಿಲ್ಲ," ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನೀವಂದದ್ದಽ ಅಂದಿರ್ತಾನ," ಎಂದು ಸೇರಿಸಿದಳು.

ಅವನು ಅವಳ ಮುಖವನ್ನು ಓರೆಗಣ್ಣಲ್ಲಿ ನೋಡತೊಡಗಿದ. ಅರ್ಧ ದಾರಿಯಲ್ಲಿ ನಿಲ್ಲಿಸಿ ಅವಳು ಎರಡು ಲೋಟ ಚಹಾ ತಂದಳು. ಒಂದನ್ನು ಅವನ ಕೈಗಿಟ್ಟಳು. ರಘುನಂದನ ಮುಚ್ಚಳ ತೆಗೆದು, ಮೂಗನ್ನು ಲೋಟದ ಹತ್ತಿರ ಒಯ್ದು, ಒಮ್ಮೆ ಮೂಸಿದ. ಹೆಂಡತಿಯನ್ನು ನೋಡಿ ಇನ್ನೊಮ್ಮೆ ಮೂಸಿದ.

"ಸಾಯೂದಿಲ್ಲ, ಕುಡೀರಿ," ಎಂದಳು ಗೋದಾವರಿ, ಮತ್ತು ತನ್ನದನ್ನು ಮೂಸದೆ ಕುಡಿದಳು.